ದಾರಿ ಬಿಟ್ಟರೂ ದಂಡ, ಬಿಡದಿದ್ದರೂ ದಂಡ: ಆಂಬುಲೆನ್ಸ್ ಮುಂದೆ ನಿಂತವರ ಗೊಂದಲ

ಸಿಗ್ನಲ್ ಕೆಂಪಿದೆ. ಸಾಲಿನಲ್ಲಿ ಮೊದಲು ನಿಂತಿರುವ ಕಾರು ನಿಮ್ಮದೇ. ಹಿಂದಿನಿಂದ ಆಂಬುಲೆನ್ಸ್ ಸೈರನ್ ಕೇಳಿಸುತ್ತಿದೆ. ಎಡಕ್ಕೆ ಆಟೊ, ಬಲಕ್ಕೆ ಬಿಎಂಟಿಸಿ ಬಸ್, ಮುಂದೆ ಬಿಳಿ ಗೆರೆ, ಗೆರೆಯಾಚೆ ಒಂದಿಷ್ಟು ಖಾಲಿ ಜಾಗ, ಮೇಲೆ ಕಂಬದಲ್ಲಿ ಕ್ಯಾಮೆರಾ. ಗೆರೆ ದಾಟಿ ಜಾಗ ಮಾಡಿಕೊಟ್ಟರೆ ಸ್ವಲ್ಪ ದಿನದಲ್ಲಿ ಮೊಬೈಲ್‌ಗೆ ಮೆಸೇಜ್ ಬರಬಹುದು: ಸಿಗ್ನಲ್ ಜಂಪ್, 500 ರೂಪಾಯಿ. ದಾಟದೆ ನಿಂತರೆ? ಅದಕ್ಕೂ ಕಾಯ್ದೆಯಲ್ಲಿ ಶಿಕ್ಷೆ ಇದೆ, ಅದು ಇನ್ನೂ ದೊಡ್ಡದು.

ಆಂಬುಲೆನ್ಸ್‌ಗೆ ದಾರಿ ಬಿಡಲು ಸಿಗ್ನಲ್ ದಾಟಿದ್ದು ಖಚಿತವಾದರೆ ದಂಡ ರದ್ದು ಮಾಡುತ್ತೇವೆ ಎಂದು ಬೆಂಗಳೂರು ಸಂಚಾರ ಪೊಲೀಸರು ಹೇಳಿದ್ದಾರೆ. ಇದರಿಂದ ಗೊಂದಲ ಕಡಿಮೆಯಾಗಬೇಕಿತ್ತು. ಆದರೆ ಜಾಸ್ತಿಯೇ ಆಗಿದೆ. ಹಾಗಾದರೆ ಸಿಗ್ನಲ್ ದಾಟಬಹುದಾ? ದಾಟಿದ ಮೇಲೆ ಅದನ್ನು ತೋರಿಸಿಕೊಡಬೇಕಾದವರು ಯಾರು? ದಾಟುವಾಗ ಯಾರಿಗಾದರೂ ಗುದ್ದಿದರೆ? ದಂಡ ರದ್ದು ಅನ್ನುವುದು ಒಂದು ರಿಯಾಯಿತಿ ಅಷ್ಟೇ, ಹೊಸ ನಿಯಮವಲ್ಲ. ಈ ಎರಡರ ನಡುವಿನ ವ್ಯತ್ಯಾಸ ಬಿಡಿಸಿಕೊಂಡರೆ ಉಳಿದದ್ದು ಅರ್ಥವಾಗುತ್ತದೆ.

ಕಾಯ್ದೆಯಲ್ಲಿ ಇರುವ ಮಾತು 'ಬದಿಗೆ ಸರಿ'

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ದೊಡ್ಡ ತಿದ್ದುಪಡಿ ಬಂತು. ಆಗ ಸೇರಿದ್ದು 194-ಇ ಸೆಕ್ಷನ್. ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಅಥವಾ ರಾಜ್ಯ ಸರ್ಕಾರ ಗುರುತಿಸಿದ ಬೇರೆ ತುರ್ತು ವಾಹನ ಬರುವಾಗ ರಸ್ತೆಯ ಬದಿಗೆ ಸರಿಯದ ಚಾಲಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಪೆಟ್ಟು ಬಿದ್ದ ನಂತರದ ಮೊದಲ ಒಂದು ಗಂಟೆಗೆ 'ಗೋಲ್ಡನ್ ಅವರ್' ಎಂಬ ಹೆಸರು ಕೊಟ್ಟು ಕಾಯ್ದೆಯೊಳಗೆ ತಂದದ್ದೂ ಇದೇ ತಿದ್ದುಪಡಿ. ಹೊಡೆತ ಬಿದ್ದವನನ್ನು ಆ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಬೇಕು, ದಾರಿಗೆ ಅಡ್ಡ ನಿಂತವನಿಗೆ ಬಿಸಿ ಮುಟ್ಟಿಸಬೇಕು ಅನ್ನುವುದು ಉದ್ದೇಶ.

ಆದರೆ ಸೆಕ್ಷನ್‌ನ ಮಾತನ್ನು ಗಮನಿಸಿ. ಅದು ಹೇಳುವುದು ಬದಿಗೆ ಸರಿಯಿರಿ ಎಂದು, ಸಿಗ್ನಲ್ ದಾಟಿ ಎಂದಲ್ಲ. ಕೆಂಪು ದೀಪ ದಾಟುವ ವಿನಾಯಿತಿ ಇರುವುದು ತುರ್ತು ವಾಹನದ ಚಾಲಕನಿಗೆ. 2017ರ ಚಾಲನಾ ನಿಯಮಗಳ ಪ್ರಕಾರ ಆತ ತುರ್ತು ಕೆಲಸದಲ್ಲಿದ್ದಾಗ, ದೀಪ ಮತ್ತು ಸೈರನ್ ಹಾಕಿಕೊಂಡು, ಎಚ್ಚರಿಕೆಯಿಂದ ಕೆಂಪು ಸಿಗ್ನಲ್ ದಾಟಬಹುದು. ಅವನ ಮುಂದೆ ನಿಂತ ಕಾರಿನವನ ಕಥೆ ಬೇರೆ. ಅವನು ಸಿಗ್ನಲ್ ಪಾಲಿಸಲೇಬೇಕು, ಜೊತೆಗೆ ಕೆಂಪು ದೀಪ ದಾಟುವುದನ್ನು 'ಅಪಾಯಕಾರಿ ಚಾಲನೆ'ಯ ಪಟ್ಟಿಗೆ ಸೇರಿಸಿದ್ದೂ ಅದೇ 2019ರ ತಿದ್ದುಪಡಿ. ಅಂದರೆ ಒಂದೇ ತಿದ್ದುಪಡಿ ಒಂದು ಕಡೆ 'ಬದಿಗೆ ಸರಿ' ಅನ್ನುತ್ತದೆ, ಇನ್ನೊಂದು ಕಡೆ 'ನಿಲ್ಲು' ಅನ್ನುತ್ತದೆ. ಎರಡೂ ಒಟ್ಟಿಗೆ ಎದುರಾದರೆ ಯಾವುದು ಮೇಲು ಅನ್ನುವುದು 194-ಇ ಸೆಕ್ಷನ್‌ನಲ್ಲಿ ಬರೆದಿಲ್ಲ.

ಕೆಟ್ಟ ಉದ್ದೇಶವಿಲ್ಲದೆ, ದೊಡ್ಡ ಹಾನಿ ತಪ್ಪಿಸುವುದಕ್ಕಾಗಿ ಮಾಡಿದ ಕೆಲಸ ಅಪರಾಧವಲ್ಲ ಎಂಬ ತತ್ವ ನಮ್ಮ ಹಳೆಯ ದಂಡ ಸಂಹಿತೆಯಲ್ಲಿ ಇತ್ತು, ಹೊಸ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಕೋರ್ಟಿನಲ್ಲಿ ಅದನ್ನು ಹಿಡಿದು ವಾದ ಮಾಡಬಹುದು. ಆದರೆ 500 ರೂಪಾಯಿಗಾಗಿ ಒಂದು ದಿನದ ಕೂಲಿ ಬಿಟ್ಟು ಕೋರ್ಟಿಗೆ ಹೋಗುವವರು ಯಾರು?

ಕ್ಯಾಮೆರಾ ನೋಡುವುದು ಗೆರೆಯನ್ನು

ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರ್‌ನಲ್ಲಿ ಐಟಿಎಂಎಸ್ (ಇಂಟೆಲಿಜೆಂಟ್ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸಿಸ್ಟಂ) ಎಂಬ ವ್ಯವಸ್ಥೆ ಬಂತು. ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಸಿಗ್ನಲ್ ಜಂಪ್ ಹಿಡಿಯುವ 80 ಕ್ಯಾಮೆರಾ. ಇವು ಕೆಲಸ ಮಾಡುವ ರೀತಿ ಸರಳ. ಸಿಗ್ನಲ್ ಕೆಂಪಾಗಿರುವಾಗ ವಾಹನ ಗೆರೆ ದಾಟಿತಾ, ಇಲ್ವಾ? ದಾಟಿದ್ದರೆ ಫೋಟೊ, ನಂಬರ್, ಸಮಯ, ಆಮೇಲೆ ಮಾಲೀಕನಿಗೆ ನೋಟಿಸ್. ದಾಟಿದ್ದು ಯಾಕೆ ಅನ್ನುವ ಪ್ರಶ್ನೆಯೇ ಅದಕ್ಕೆ ಹುಟ್ಟುವುದಿಲ್ಲ. ಮೊದಲು ಅಲ್ಲಿ ನಿಲ್ಲುತ್ತಿದ್ದ ಪೇದೆಗೆ ಸೈರನ್ ಕೇಳಿಸುತ್ತಿತ್ತು, ಅವನೇ ಕೈ ಬೀಸಿ 'ಹೋಗಿ ಹೋಗಿ' ಎಂದು ಗಾಡಿಗಳನ್ನು ಮುಂದೆ ಬಿಡುತ್ತಿದ್ದ.

ಇನ್ನು, ದಾರಿ ಬಿಡದವನನ್ನು ಕ್ಯಾಮೆರಾದಲ್ಲಿ ಹಿಡಿಯಲು ಕಾನೂನು ಬಿಡುವುದಿಲ್ಲವೇ? ಬಿಡುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿದ 167-ಎ ನಿಯಮದಲ್ಲಿ, ಎಲೆಕ್ಟ್ರಾನಿಕ್ ಸಾಧನದಿಂದ ಹಿಡಿಯಬಹುದಾದ ತಪ್ಪುಗಳ ಪಟ್ಟಿ ಇದೆ. ವೇಗ, ಹೆಲ್ಮೆಟ್, ಸೀಟ್ ಬೆಲ್ಟ್, ಸಿಗ್ನಲ್ ಜಂಪ್ ಜೊತೆಗೆ ತುರ್ತು ವಾಹನಕ್ಕೆ ದಾರಿ ಬಿಡದೇ ಇರುವುದೂ ಆ ಪಟ್ಟಿಯಲ್ಲಿದೆ. ಡ್ಯಾಶ್‌ಬೋರ್ಡ್ ಕ್ಯಾಮೆರಾ ಕೂಡ ಅಂಥ ಸಾಧನಗಳಲ್ಲಿ ಒಂದು, ಆದರೆ ಸಾಧನಕ್ಕೆ ಸರ್ಕಾರದ ಪ್ರಮಾಣಪತ್ರ ಇರಬೇಕು.

ಹಾಗಿದ್ದರೂ ಮೆಸೇಜ್ ಬರುವುದು ಹೆಚ್ಚಾಗಿ ಹೆಲ್ಮೆಟ್‌ಗೆ, ಸಿಗ್ನಲ್‌ಗೆ. ಕಾರಣ ಇಷ್ಟೇ: ಗೆರೆ ದಾಟುವುದು ಅಳೆಯಬಹುದಾದ ತಪ್ಪು. ದಾರಿ ಬಿಡದೇ ಇರುವುದು ಹಾಗಲ್ಲ. ಅವನಿಗೆ ಸೈರನ್ ಕೇಳಿಸಿತ್ತಾ, ಪಕ್ಕದಲ್ಲಿ ಜಾಗ ಇತ್ತಾ, ಬೇಕೆಂದೇ ಅಡ್ಡ ನಿಂತನಾ ಅಥವಾ ಸಿಕ್ಕಿಬಿದ್ದಿದ್ದನಾ ಎಂದೆಲ್ಲ ನೋಡಬೇಕು. ಅದಕ್ಕೆ ಮನುಷ್ಯನ ಕಣ್ಣು ಬೇಕು, ಸಮಯ ಬೇಕು. ಕೇರಳದಲ್ಲಿ 2024ರ ನವೆಂಬರ್‌ನಲ್ಲಿ ಕಾರೊಂದು ಆಂಬುಲೆನ್ಸ್‌ಗೆ ಬಹಳ ಹೊತ್ತು ದಾರಿ ಕೊಡದೆ ಮುಂದೆಯೇ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು, ಪೊಲೀಸರು ಕಾರಿನವನನ್ನು ಪತ್ತೆ ಮಾಡಿ ಕ್ರಮ ತೆಗೆದುಕೊಂಡರು. ಆದರೆ ಅದು ಸಾಧ್ಯವಾದದ್ದು ಆಂಬುಲೆನ್ಸ್ ಒಳಗಿನಿಂದ ವಿಡಿಯೊ ತೆಗೆದಿದ್ದರಿಂದ.

ಇದರಿಂದ ಚಾಲಕನ ತಲೆಯಲ್ಲಿ ಒಂದು ಲೆಕ್ಕ ಕೂರುತ್ತದೆ. ಸರಿದರೆ 500 ರೂಪಾಯಿ ಬಹುತೇಕ ಗ್ಯಾರಂಟಿ. ಸರಿಯದಿದ್ದರೆ 10,000 ರೂಪಾಯಿ ಕಾಗದದ ಮೇಲಿದೆ, ಬರುವುದು ಅಪರೂಪ. ದೊಡ್ಡ ಶಿಕ್ಷೆಗಿಂತ ಖಚಿತವಾದ ಸಣ್ಣ ಶಿಕ್ಷೆಗೇ ಜನ ಹೆದರುತ್ತಾರೆ. ಸರಿಯದೇ ನಿಂತವನನ್ನು ಬರೀ ಹೃದಯವಿಲ್ಲದವನು ಎಂದು ಬೈದರೆ ಈ ಲೆಕ್ಕ ಬದಲಾಗುವುದಿಲ್ಲ. (ಬಾಕಿ ದಂಡಕ್ಕೆ 2023ರ ಫೆಬ್ರುವರಿಯಲ್ಲಿ ಶೇ 50 ರಿಯಾಯಿತಿ ಕೊಟ್ಟರು, 2025ರಲ್ಲಿ ಮತ್ತೆ ಕೊಟ್ಟರು. ದಂಡಕ್ಕೂ ಆಷಾಢ ಸೇಲ್ ಬಂದ ಮೇಲೆ ಹೆದರಿಕೆ ಎಷ್ಟು ಉಳಿದಿದೆ ಅನ್ನುವುದು ಬೇರೆಯದೇ ಚರ್ಚೆ.)

ದಾಟಲೇಬೇಡಿ ಅನ್ನುವವರು ಹೇಳುವುದು

ಸಿಗ್ನಲ್ ದಾಟಲು ಬಿಡಬಾರದು ಅನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನಲ್ಲಿ ನಿಯಮ ಸ್ಪಷ್ಟ: ಹಿಂದೆ ಆಂಬುಲೆನ್ಸ್ ಇದ್ದರೂ ನೀವು ಕೆಂಪು ದೀಪ ದಾಟಬೇಡಿ, ಸುತ್ತಿಕೊಂಡು ಹೋಗುವ ತರಬೇತಿ ಆಂಬುಲೆನ್ಸ್ ಚಾಲಕನಿಗಿದೆ, ಕಾನೂನಿನ ಬಲವೂ ಅವನಿಗಿದೆ. ದಾಟಿದರೆ ದಂಡ ಕಟ್ಟಬೇಕಾದೀತು. ಜರ್ಮನಿಯಲ್ಲಿ ಇದರ ಉಲ್ಟಾ. ಬೇರೆ ದಾರಿ ಇಲ್ಲದಿದ್ದರೆ, ಯಾರಿಗೂ ಅಪಾಯವಾಗದಂತೆ ನಿಧಾನವಾಗಿ ಗೆರೆ ದಾಟಿ ಬದಿಗೆ ಸರಿಯಬಹುದು. ಎರಡೂ ಕಡೆ ಚಾಲಕನಿಗೆ ತಾನೇನು ಮಾಡಬೇಕು ಅನ್ನುವುದು ಮೊದಲೇ ಗೊತ್ತಿದೆ.

ಬ್ರಿಟನ್ ಯಾಕೆ ಅಷ್ಟು ಬಿಗಿ? ನಿಮಗೆ ಕೆಂಪು ಅಂದರೆ ಅಡ್ಡ ರಸ್ತೆಯವರಿಗೆ ಹಸಿರು. ಅವರಿಗೆ ನಿಮ್ಮ ಹಿಂದಿನ ಸೈರನ್ ಕೇಳಿಸಿರಬೇಕೆಂದಿಲ್ಲ. ಹೆಲ್ಮೆಟ್ ಒಳಗೆ, ಕಾರಿನ ಏಸಿ ಒಳಗೆ, ಹಾರ್ನ್‌ಗಳ ನಡುವೆ ಸೈರನ್ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯುವುದೇ ಕಷ್ಟ. ಆಂಬುಲೆನ್ಸ್ ಆದರೂ ಕಣ್ಣಿಗೆ ಬೀಳುತ್ತದೆ, ಅದಕ್ಕಿಂತ ಮೊದಲು ನುಗ್ಗುವ ನಿಮ್ಮ ಬೈಕ್ ಕಾಣುವುದಿಲ್ಲ.

ವಿನಾಯಿತಿ ಇದ್ದವರಿಂದಲೂ ಅನಾಹುತ ಆಗುತ್ತದೆ. 2025ರ ನವೆಂಬರ್ ಮೊದಲ ದಿನ ರಾತ್ರಿ ಬೆಂಗಳೂರಿನ ರಿಚ್ಮಂಡ್ ಸರ್ಕಲ್ ಬಳಿಯ ಸಿಗ್ನಲ್‌ನಲ್ಲಿ ಆಂಬುಲೆನ್ಸ್ ಒಂದು ದ್ವಿಚಕ್ರ ವಾಹನಗಳಿಗೆ ಗುದ್ದಿ, ಸ್ಕೂಟರ್‌ನಲ್ಲಿದ್ದ ದಂಪತಿ ಸತ್ತುಹೋದರು. 'ಎಚ್ಚರಿಕೆಯಿಂದ' ಎಂಬ ಮಾತನ್ನು ನಿಯಮದಲ್ಲಿ ಸುಮ್ನೆ ಸೇರಿಸಿದ್ದಲ್ಲ. ಪೊಲೀಸರು ದಂಡ ರದ್ದು ಮಾಡಬಹುದು. ಆದರೆ ಗೆರೆ ದಾಟಿದ ನೀವು ಅಡ್ಡ ಬಂದ ಬೈಕಿಗೆ ಗುದ್ದಿದರೆ ಆಗ ಬರುವ ಕೇಸು, ವಿಮೆ ಕಂಪನಿಯ ಪ್ರಶ್ನೆ ಎಲ್ಲ ನಿಮ್ಮ ತಲೆಯ ಮೇಲೇ. 'ಹಾಗಾದರೆ ದಾಟಬಹುದು' ಎಂದು ಓದಿಕೊಂಡವರು ಮರೆಯುತ್ತಿರುವುದು ಇದನ್ನೇ.

ಬದಿಯೇ ಇಲ್ಲದ ರಸ್ತೆಯಲ್ಲಿ ಬದಿಗೆ ಸರಿಯುವುದು ಹೇಗೆ?

ಬದಿಗೆ ಸರಿಯಿರಿ ಅನ್ನುವ ಕಾಯ್ದೆ ರಸ್ತೆಗೆ ಒಂದು ಬದಿ ಇದೆ ಎಂದುಕೊಂಡಿದೆ. ಬೆಂಗಳೂರಿನಲ್ಲಿ ಆ ಬದಿ ಎಲ್ಲಿದೆ? ಎಡಗಡೆ ನಿಲ್ಲಿಸಿದ ಕಾರುಗಳು, ತಳ್ಳುಗಾಡಿ, ಅಗೆದು ಮುಚ್ಚದ ಗುಂಡಿ, ಆಮೇಲೆ ಎತ್ತರದ ಫುಟ್‌ಪಾತ್ ಕಲ್ಲು. ಬಲಗಡೆ ಡಿವೈಡರ್ ಇಲ್ಲವೇ ಮೆಟ್ರೊ ಕಂಬ. ಫ್ಲೈಓವರ್ ಮೇಲೆ ಸಿಕ್ಕಿಬಿದ್ದರಂತೂ ಮುಗಿಯಿತು. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಇಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು.

ಸಾಲು ಕಟ್ಟಿ ನಿಂತಾಗ ಏನಾಗುತ್ತದೆ ನೋಡಿ. ಆಂಬುಲೆನ್ಸ್ ಮುಂದೆ ಹದಿನೈದು ಗಾಡಿಗಳಿವೆ ಎಂದುಕೊಳ್ಳೋಣ. ಅದರ ನೇರ ಮುಂದಿರುವ ಕಾರಿಗೆ ಸರಿಯುವ ಮನಸ್ಸಿದೆ, ಜಾಗವಿಲ್ಲ. ಅದಕ್ಕೆ ಜಾಗ ಬೇಕಾದರೆ ಅದರ ಮುಂದಿನದು ಸರಿಯಬೇಕು, ಅದಕ್ಕೆ ಅದರ ಮುಂದಿನದು. ಹೀಗೆ ಎಲ್ಲ ಭಾರ ಕೊನೆಗೆ ಬೀಳುವುದು ಗೆರೆಯ ಹತ್ತಿರ ನಿಂತ ನಾಲ್ಕೈದು ಗಾಡಿಗಳ ಮೇಲೆ. ಅವರು ಕದಲಿದರೆ ಸಾಲು ಕದಲುತ್ತದೆ. ಅವರಿಗೇ ಸೈರನ್ ಕೇಳಿಸುವುದು ಎಲ್ಲರಿಗಿಂತ ಕಡಿಮೆ, ಅವರ ಮೇಲೆಯೇ ಕ್ಯಾಮೆರಾ. ಇಡೀ ಸಮಸ್ಯೆಯ ಗಂಟು ಈ ಮೊದಲ ಸಾಲಿನಲ್ಲಿದೆ.

ಜರ್ಮನಿಯ ಹೆದ್ದಾರಿಗಳಲ್ಲಿ ಇದನ್ನು ಬೇರೆ ಥರ ಬಿಡಿಸಿಕೊಂಡಿದ್ದಾರೆ. ಸೈರನ್ ಕೇಳುವವರೆಗೆ ಅಲ್ಲಿ ಯಾರೂ ಕಾಯುವುದಿಲ್ಲ. ವಾಹನಗಳು ನಡಿಗೆಯ ವೇಗಕ್ಕೆ ಇಳಿದವು ಅಂದರೆ ತುದಿಯ ಎಡ ಲೇನ್‌ನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಒತ್ತರಿಸಿ, ನಡುವೆ ಒಂದು ಓಣಿ ಬಿಡಬೇಕು. ಬಿಡದಿದ್ದರೆ 200 ಯೂರೊದಿಂದ ದಂಡ ಶುರು. ಒಮ್ಮೆ ಬಂಪರ್‌ಗೆ ಬಂಪರ್ ತಾಗಿ ನಿಂತ ಮೇಲೆ ಯಾರಿಗೂ ಸರಿಯಲಾಗದು, ಆದ್ದರಿಂದ ಮೊದಲೇ ಸರಿಯಿರಿ ಅನ್ನುವ ಲೆಕ್ಕ. ನಮ್ಮಲ್ಲಿ ಹಾಗೆ ಬಿಟ್ಟ ಓಣಿ ಎರಡು ನಿಮಿಷದೊಳಗೆ ಬೈಕುಗಳಿಂದ ತುಂಬಿಬಿಡುತ್ತದೆ, ಅಲ್ವಾ? ದಾರಿ ಬಿಟ್ಟ ಮೇಲೆ ಆಂಬುಲೆನ್ಸ್ ಬಾಲ ಹಿಡಿದು ನುಗ್ಗುವವರ ಕಾಟ ಇನ್ನೊಂದು. ಹಾಗೆ ಹಿಂಬಾಲಿಸುವುದನ್ನು ನೋಡಿದವನು ಮುಂದಿನ ಸಲ ದಾರಿ ಬಿಡಲು ಒಂದು ಕ್ಷಣ ಜಾಸ್ತಿ ಯೋಚಿಸುತ್ತಾನೆ.

ಸೈರನ್ ಮೇಲಿನ ಅನುಮಾನ

'ಒಳಗೆ ರೋಗಿನೇ ಇಲ್ಲ, ಸುಮ್ನೆ ಸೈರನ್ ಹಾಕ್ಕೊಂಡು ಬರ್ತಾರೆ.' ಈ ಮಾತು ಕೇಳದವರಿಲ್ಲ. ಪೂರ್ತಿ ಸುಳ್ಳೂ ಅಲ್ಲ, ಖಾಲಿ ಗಾಡಿಯಲ್ಲಿ ಸೈರನ್ ಹಾಕಿ ಸಿಕ್ಕಿಬಿದ್ದವರಿದ್ದಾರೆ. ಆದರೆ ಖಾಲಿ ಆಂಬುಲೆನ್ಸ್ ಅಂದರೆ ತುರ್ತಿಲ್ಲ ಎಂದೇನೂ ಅಲ್ಲ. ಅಪಘಾತದ ಜಾಗಕ್ಕೆ ಹೋಗುವಾಗ ಅದು ಖಾಲಿಯೇ ಇರಬೇಕು ತಾನೇ? 108ಕ್ಕೆ ಫೋನ್ ಮಾಡಿದವರ ಮನೆಗೆ ಅದು ಹೊರಡುವುದೇ ಖಾಲಿಯಾಗಿ. ಹೊರಗೆ ನಿಂತ ಚಾಲಕನಿಗೆ ಯಾವುದು ನಿಜ, ಯಾವುದು ಆಟ ಎಂದು ತಿಳಿಯುವುದಿಲ್ಲ, ತಿಳಿಯಬೇಕಾದ ಅಗತ್ಯವೂ ಇಲ್ಲ. ದಾರಿ ಬಿಡುವುದಷ್ಟೇ ಅವನ ಕೆಲಸ, ಸೈರನ್ ದುರುಪಯೋಗ ಹಿಡಿಯುವುದು ಪೊಲೀಸರ ಕೆಲಸ.

ಅನುಮಾನ ಬೆಳೆದದ್ದಕ್ಕೆ ವಿಐಪಿಗಳ ಪಾಲೂ ಇದೆ. ಗೂಟದ ಕಾರಿನ ಕೆಂಪು ದೀಪ 2017ರ ಮೇ 1ರಿಂದ ಹೋಯಿತು, ಆದರೆ ಬೆಂಗಾವಲು ವಾಹನಗಳ ಸೈರನ್ ಹೋಗಲಿಲ್ಲ. ವಿಐಪಿ ಸಂಚಾರದಲ್ಲಿ ಅನಗತ್ಯವಾಗಿ ಸೈರನ್ ಹಾಕಬೇಡಿ ಎಂದು ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರು 2025ರಲ್ಲಿ ಸುತ್ತೋಲೆ ಹೊರಡಿಸಬೇಕಾಯಿತು. ಸೈರನ್ ಅಂದರೆ 'ಯಾರೋ ದೊಡ್ಡವರು ಬಂದರು' ಎಂದು ಕಿವಿಗೆ ರೂಢಿಯಾದರೆ ನಷ್ಟ ಆಗುವುದು ಸ್ಟ್ರೆಚರ್ ಮೇಲೆ ಮಲಗಿದವನಿಗೆ.

ಶಾಲಾ ಬಸ್ ನಿಂತರೆ ಅಮೆರಿಕ ಯಾಕೆ ನಿಲ್ಲುತ್ತದೆ?

ಅಮೆರಿಕದಲ್ಲಿರುವ ಕನ್ನಡಿಗರು ಊರಿಗೆ ಬಂದಾಗ ಹೇಳುವ ಮಾತೊಂದಿದೆ: ಅಲ್ಲಿ ಶಾಲಾ ಬಸ್ ನಿಂತರೆ ಇಡೀ ರಸ್ತೆ ನಿಲ್ಲುತ್ತದೆ. ನಿಜ. ಹಳದಿ ಬಸ್ಸು ಕೆಂಪು ದೀಪ ಮಿಣುಕಿಸಿ, ಪಕ್ಕದಿಂದ 'ನಿಲ್ಲಿ' ಎಂಬ ಫಲಕ ಚಾಚಿದರೆ ಹಿಂದಿನವರು ನಿಲ್ಲಲೇಬೇಕು, ಡಿವೈಡರ್ ಇಲ್ಲದ ರಸ್ತೆಯಾದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಅಲ್ಲಿನವರೆಲ್ಲ ಸಾಧುಗಳು ಎಂದಲ್ಲ. ನಿಲ್ಲದೆ ಹೋಗುವ ಪ್ರಕರಣಗಳು ಒಂದು ಶಾಲಾ ವರ್ಷದಲ್ಲಿ ಸುಮಾರು ನಾಲ್ಕು ಕೋಟಿ ಆಗುತ್ತವೆ ಎಂದು ಅಲ್ಲಿನ ಶಾಲಾ ಸಾರಿಗೆ ಅಧಿಕಾರಿಗಳ ಸಂಘವೇ ಅಂದಾಜು ಮಾಡಿದೆ. ಹಾಗಿದ್ದರೂ ಆ ನಿಯಮ ಆಂಬುಲೆನ್ಸ್ ನಿಯಮಕ್ಕಿಂತ ಸುಲಭ, ಏಕೆಂದರೆ ಅಲ್ಲಿ ಯೋಚಿಸಲು ಏನೂ ಇಲ್ಲ. ಫಲಕ ಹೊರಗೆ ಬಂದಿದೆಯಾ? ನಿಲ್ಲು. ಕ್ಯಾಮೆರಾಗೂ ಇದು ಹಿಡಿಯಲು ಸುಲಭದ ತಪ್ಪು, ಎಷ್ಟೋ ರಾಜ್ಯಗಳಲ್ಲಿ ಬಸ್ಸಿಗೇ ಕ್ಯಾಮೆರಾ ಜೋಡಿಸಿದ್ದಾರೆ.

ನಮ್ಮಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಶಾಲಾ ಬಸ್‌ಗಳ ಬಗ್ಗೆ ಸೂಚನೆ ಕೊಟ್ಟಿತು: ಹಳದಿ ಬಣ್ಣ, ಮುಂದೆ ಹಿಂದೆ 'ಸ್ಕೂಲ್ ಬಸ್' ಬರಹ, ವೇಗ ನಿಯಂತ್ರಕ, ಕಿಟಕಿಗೆ ಸರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಇವೆಲ್ಲ ಬಸ್ ಹೇಗಿರಬೇಕು ಎಂದು ಹೇಳುತ್ತವೆ. ಸುತ್ತ ಇರುವ ವಾಹನಗಳು ನಿಂತುಬಿಡುವ ರೂಢಿ ಇಲ್ಲಿ ಬೆಳೆಯಲಿಲ್ಲ. ಬಸ್ಸು ನಿಂತರೆ ಹಿಂದಿನವನು ಹಾರ್ನ್ ಹೊಡೆದು ಬಲಕ್ಕೆ ತಿರುಗಿಸಿಕೊಂಡು ಹೋಗುತ್ತಾನೆ, ಇಳಿದ ಮಗು ಬಸ್ಸಿನ ಮುಂದಿನಿಂದ ರಸ್ತೆ ದಾಟುತ್ತದೆ.

ಜೀರೋ ಟ್ರಾಫಿಕ್ ಆದಾಗ ಎಲ್ಲರೂ ಒಳ್ಳೆಯವರೇ

2017ರ ಜೂನ್‌ನಲ್ಲಿ ಬೆಂಗಳೂರಿನ ಟ್ರಿನಿಟಿ ಸರ್ಕಲ್‌ನಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರ ವಾಹನ ಸಾಲು ಬರುತ್ತಿದ್ದಾಗ ಸಂಚಾರ ಪಿಎಸ್‌ಐ ಎಂ.ಎಲ್. ನಿಜಲಿಂಗಪ್ಪ ಅದನ್ನೇ ತಡೆದು ಆಂಬುಲೆನ್ಸ್ ಬಿಟ್ಟರು. ಎಲ್ಲರೂ ಅವರ ಧೈರ್ಯ ಹೊಗಳಿದರು, ಇಲಾಖೆ ಬಹುಮಾನವನ್ನೂ ಕೊಟ್ಟಿತು. ಜೊತೆಗೆ ನೋಡಬೇಕಾದದ್ದು ಇನ್ನೊಂದಿದೆ. ಅಂದು ಆಂಬುಲೆನ್ಸ್ ದಾಟಿದ್ದು ಮುಂದಿನ ಕಾರಿನವನು ಸಿಗ್ನಲ್ ಮುರಿದದ್ದರಿಂದಲ್ಲ, ಅಡ್ಡ ಬರುವ ವಾಹನಗಳನ್ನು ನಿಲ್ಲಿಸುವ ಅಧಿಕಾರ ಇದ್ದ ಒಬ್ಬ ಮನುಷ್ಯ ಜಂಕ್ಷನ್‌ನಲ್ಲಿ ನಿಂತಿದ್ದರಿಂದ.

2020ರ ಫೆಬ್ರುವರಿಯಲ್ಲಿ 40 ದಿನದ ಹಸುಗೂಸನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಐದು ಗಂಟೆಯೊಳಗೆ ತಂದಾಗಲೂ ಹೀಗೇ. ದಾರಿಯುದ್ದಕ್ಕೂ ಪೊಲೀಸರು ಜೀರೋ ಟ್ರಾಫಿಕ್ ಮಾಡಿದ್ದರು, ಊರೂರಿನಲ್ಲಿ ಜನರೇ ರಸ್ತೆಗಿಳಿದು ದಾರಿ ಮಾಡಿಕೊಟ್ಟರು. ಅದೇ ಜನ, ಅದೇ ಚಾಲಕರು. ಬದಲಾದದ್ದು ಎರಡೇ: ಆಂಬುಲೆನ್ಸ್ ಬರುತ್ತಿದೆ ಎಂದು ಮೊದಲೇ ಗೊತ್ತಿತ್ತು, ಅಡ್ಡ ರಸ್ತೆಗಳನ್ನು ಮೊದಲೇ ತಡೆದಿದ್ದರು.

ಆದರೆ ಪ್ರತಿ ಹೃದಯಾಘಾತಕ್ಕೂ ಜೀರೋ ಟ್ರಾಫಿಕ್ ಮಾಡಲು ಎಲ್ಲಿಂದ ಪೊಲೀಸರನ್ನು ತರುವುದು? ರಸ್ತೆಯ ಮೇಲಿನ ನಂಬಿಕೆ ಎಷ್ಟು ಇಳಿದಿದೆ ಎಂದರೆ 2025ರ ಆಗಸ್ಟ್ 1ರ ರಾತ್ರಿ ಕಸಿಗಾಗಿ ಒಂದು ಯಕೃತ್ತನ್ನು ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ನಮ್ಮ ಮೆಟ್ರೊದಲ್ಲಿ ಸಾಗಿಸಿದರು.

ಮುಂದೆ ಏನಾಗಬಹುದು

ಬೆಂಗಳೂರು ಸಂಚಾರ ಪೊಲೀಸರ ಇ-ಪಾತ್ ಎಂಬ ಆ್ಯಪ್ ಮಾಡಹೊರಟಿರುವುದು ಜೀರೋ ಟ್ರಾಫಿಕ್‌ನ ಈ ಕೆಲಸವನ್ನೇ, ಪೇದೆ ಇಲ್ಲದೆ. ಆಂಬುಲೆನ್ಸ್ ಚಾಲಕ ಎಲ್ಲಿಂದ ಎಲ್ಲಿಗೆ, ಎಂಥ ತುರ್ತು ಎಂದು ಆ್ಯಪ್‌ನಲ್ಲಿ ಹಾಕಬೇಕು. ಜಿಪಿಎಸ್ ನೋಡಿಕೊಂಡು ಅದು ಬರುವ ದಾರಿಯ ಸಿಗ್ನಲ್‌ಗಳನ್ನು ಮೊದಲೇ ಹಸಿರು ಮಾಡುತ್ತಾರೆ. ಇದು ಸರಿಯಾಗಿ ನಡೆದರೆ ಮೊದಲ ಸಾಲಿನ ಗೊಂದಲವೇ ಉಳಿಯುವುದಿಲ್ಲ. ನಿಮಗೆ ಹಸಿರು ಬರುತ್ತದೆ, ನೀವು ಹೋಗುತ್ತೀರಿ, ಹಿಂದಿನ ಸಾಲು ಕರಗುತ್ತದೆ, ದಂಡದ ಮಾತೇ ಬರುವುದಿಲ್ಲ. ಸೈರನ್ ನಿಜವೋ ಆಟವೋ ಎಂಬುದಕ್ಕೂ ಒಂದು ದಾಖಲೆ ಸಿಗುತ್ತದೆ.

ತೊಡಕುಗಳೂ ಇವೆ. ಎಲ್ಲ ಆಂಬುಲೆನ್ಸ್‌ಗಳೂ ಆ್ಯಪ್‌ಗೆ ಸೇರಬೇಕು. ಸಿಗ್ನಲ್‌ಗಳು ದೂರದಿಂದ ಬದಲಾಯಿಸುವಂಥವಾಗಿರಬೇಕು. ಮುಂದಿನ ಜಂಕ್ಷನ್ ಆಗಲೇ ತುಂಬಿ ನಿಂತಿದ್ದರೆ ಹಸಿರು ಬಂದರೂ ಗಾಡಿಗಳು ಹೋಗುವುದಾದರೂ ಎಲ್ಲಿಗೆ? ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ದಾಟಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಅಲ್ಲಿಯವರೆಗೆ ದಂಡ ರದ್ದು ಮಾಡುವ ರಿಯಾಯಿತಿಯೇ ಗತಿ. ಅದರಲ್ಲಿರುವ ದೊಡ್ಡ ದೋಷವೆಂದರೆ ಭಾರವೆಲ್ಲ ಒಳ್ಳೆಯ ಕೆಲಸ ಮಾಡಿದವನ ಮೇಲಿದೆ. ಅವನೇ ದೂರು ಹಾಕಬೇಕು, ಇಲ್ಲವೇ ಇನ್‌ಫೆಂಟ್ರಿ ರಸ್ತೆಯ ಸಂಚಾರ ನಿರ್ವಹಣಾ ಕೇಂದ್ರಕ್ಕೆ ಹೋಗಿ ವಿವರಿಸಬೇಕು. ಡೆಲಿವರಿ ಹುಡುಗ, ಆಟೊ ಚಾಲಕ ಅದಕ್ಕೆ ಹೋಗುತ್ತಾರಾ? ಹೋಗುವುದಿಲ್ಲ, ಮುಂದಿನ ಸಲ ಸರಿಯುವುದೂ ಇಲ್ಲ. ಆ್ಯಪ್‌ನಲ್ಲಿ ಆಂಬುಲೆನ್ಸ್ ಯಾವ ಜಂಕ್ಷನ್ ಅನ್ನು ಎಷ್ಟು ಹೊತ್ತಿಗೆ ದಾಟಿತು ಎಂದು ದಾಖಲಾದರೆ, ಆ ನಿಮಿಷದ ಸಿಗ್ನಲ್ ಜಂಪ್‌ಗಳನ್ನು ದಂಡ ಹಾಕುವ ಮೊದಲೇ ಒಬ್ಬ ಸಿಬ್ಬಂದಿ ಕಣ್ಣಾಡಿಸಿ ಬಿಡಬಹುದು. ಇದಕ್ಕೆ ಹೊಸ ಕಾನೂನೇನೂ ಬೇಡ.

ಈಗಾಗಲೇ ಮೆಸೇಜ್ ಬಂದಿದ್ದರೆ ಗಾಬರಿಯಲ್ಲಿ ಕಟ್ಟಿಬಿಡಬೇಡಿ. 167-ಎ ನಿಯಮದ ಪ್ರಕಾರ ತಪ್ಪು ನಡೆದ 15 ದಿನದೊಳಗೆ ನೋಟಿಸ್ ಬರಬೇಕು, ಅದರ ಜೊತೆ ಫೋಟೊ ಇರಬೇಕು. ಮೊದಲು ಆ ಫೋಟೊ ತೆರೆದು ನೋಡಿ. ನಿಮ್ಮ ಬೈಕಿನ ಹಿಂದೆ, ಮೂಲೆಯಲ್ಲಿ ಎಲ್ಲಾದರೂ, ಆಂಬುಲೆನ್ಸ್ ಕೂಡ ಅದರಲ್ಲಿ ಬಿದ್ದಿರಬಹುದು.